ಹೆಸರು ತೊಳೆದುಹೋದ ಹದಿನಾಲ್ಕು ಬಾಟಲಿ

ಸೃಷ್ಟಿಯಲ್ಲಿರುವ ಧಾತುಗಳೆಲ್ಲ ಲೋಹ, ಅಲೋಹ, ಲೋಹಾಭ ಎಂಬ ಮೂರು ಪಂಗಡಗಳಲ್ಲಿ ಅಡಗಿವೆ. ಆ ವಿಂಗಡಣೆ ಯಾವ ಸರ್ಕಾರ ಬಂದರೂ ಬದಲಾಗದು, ಯಾವ ಸುತ್ತೋಲೆಗೂ ಜಗ್ಗದು. ನಮ್ಮ ಪ್ರೌಢಶಾಲೆಯಲ್ಲಿ ಮಾತ್ರ ಅದು ಮೈದಾ ಗೋಂದಿನ ಮೇಲೆ ನಿಂತಿತ್ತು. ಒಂದು ಆಯುಧಪೂಜೆಯ ದಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಹೋಯಿತು.

ಶಾಲೆ ಇರುವುದು ಮಾಗಡಿ ತಾಲ್ಲೂಕಿನಲ್ಲಿ, ಕುದೂರಿನ ಬಸ್ಸು ಮನಸ್ಸು ಬಂದರೆ ನಿಲ್ಲುವ ಒಂದು ಊರಿನಲ್ಲಿ. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು, ಜೊತೆಗೆ ಪ್ರಯೋಗಾಲಯದ ದಾಸ್ತಾನಿಗೂ ಜವಾಬ್ದಾರ. ಪ್ರಯೋಗಾಲಯ ಎಂದರೆ ಎರಡು ಕಿಟಕಿಯ ಒಂದು ಕೋಣೆ, ಒಂದು ಉದ್ದನೆಯ ಮೇಜು, ಒಂದು ಕಬ್ಬಿಣದ ಬೀರು. ಬೀರುವಿನ ಮೇಲಿನ ಅರೆಯಲ್ಲಿ ಧಾತುಗಳ ಹದಿನಾಲ್ಕು ಬಾಟಲಿ. ದಸರಾ ರಜೆ ಮುಗಿದ ಮೊದಲ ದಿನ ಬೀರು ತೆಗೆದೆ. ಬಾಟಲಿಗಳು ಮದುವಣಗಿತ್ತಿಯರ ಹಾಗೆ ಹೊಳೆಯುತ್ತಿದ್ದವು. ಪ್ರತಿಯೊಂದರ ಹಣೆಗೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮುಚ್ಚಳದ ಮೇಲೆ ಒಣಗಿದ ಚೆಂಡುಹೂವಿನ ಎಸಳು. ಹೆಸರಿನ ಚೀಟಿ ಮಾತ್ರ ಒಂದರ ಮೇಲೂ ಇರಲಿಲ್ಲ.

ನಮ್ಮ ಅಟೆಂಡರ್ ಬಾಗಿಲಲ್ಲಿ ನಿಂತು, ನಾನು ಮೆಚ್ಚಿಕೊಳ್ಳುವುದನ್ನೇ ಕಾಯುತ್ತಿದ್ದರು. ಆಕೆಯ ಗಂಡ ಇಲಾಖೆಯಲ್ಲಿಯೇ ಕೆಲಸದಲ್ಲಿದ್ದು ತೀರಿಕೊಂಡವರು. ಅನುಕಂಪದ ಆಧಾರದ ಮೇಲೆ ಆಕೆಗೆ ಕೆಲಸ ಸಿಕ್ಕಿ ಎರಡು ವರ್ಷ ತುಂಬುವುದರಲ್ಲಿತ್ತು. ಆ ಎರಡು ವರ್ಷ ಪ್ರೊಬೇಷನ್. ಅದು ತೃಪ್ತಿಕರ ಎಂದು ಮುಖ್ಯೋಪಾಧ್ಯಾಯರು ಬರೆದುಕೊಟ್ಟರೆ ಕೆಲಸ ಕಾಯಂ. ಬರೆಯದಿದ್ದರೆ ಏನಾಗುತ್ತದೆ ಎಂದು ಆಕೆಯೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

"ಏನಮ್ಮಾ ಇದು?" ಎಂದೆ.

"ಪೂಜೆ ಮಾಡಿದ್ದು ಸಾ. ರಜಾ ಅಂತ ಆಯುಧಗಳ್ನ ಹಂಗೇ ಬುಡಕ್ಕಾಯ್ತದಾ? ಬೀಗದ ಕೈ ನನ್ ತಾವೇ ಇತ್ತಲ್ಲ, ಬಂದು ಮಾಡ್ಬುಟ್ಟು ಹೋದೆ. ಮೈಕ್ರೋಸ್ಕೋಪಿಗೂ ಇಟ್ಟಿವ್ನಿ ನೋಡಿ, ಕುಂಕುಮ."

"ಬಾಟಲಿ ಮೇಲೆ ಚೀಟಿ ಇತ್ತಲ್ಲ?"

"ಅಯ್ಯೋ, ಅವು ಹುಳ ತಿಂದು ಅಸಯ್ಯ ಆಗಿದ್ವು ಸಾ. ಕೊಳೆ ಬಾಟ್ಲಿನ ದೇವರ ಮುಂದೆ ಇಡದು ಹೆಂಗೆ? ಸೋಪಿನ ನೀರಲ್ಲಿ ಒಂದ್ ಗಂಟೆ ನೆನೆಹಾಕ್ದೆ, ಸಲೀಸಾಗಿ ಬಂದ್ಬುಟ್ವು. ಬಿಸಾಕಿಲ್ಲ ಸಾ, ಜ್ವಾಪಾನವಾಗಿ ಎತ್ತಿಟ್ಟಿವ್ನಿ."

ಜೋಪಾನವಾಗಿ ಎತ್ತಿಟ್ಟದ್ದನ್ನು ತಂದು ನನ್ನ ಅಂಗೈಯಲ್ಲಿ ಇಟ್ಟರು. ನಿಂಬೆಹಣ್ಣಿನ ಗಾತ್ರದ, ಒಣಗಿ ಗಟ್ಟಿಯಾದ ಬೂದುಬಣ್ಣದ ಒಂದು ಕಾಗದದ ಉಂಡೆ. ಹದಿನಾಲ್ಕು ಬಾಟಲಿಗಳ ನಾಮಧೇಯಗಳೂ ನನ್ನ ಮುದ್ದಾದ ಅಕ್ಷರಗಳೂ ಅದರೊಳಗೆ ಐಕ್ಯವಾಗಿದ್ದವು.

"ಒಂದ್ರಲ್ಲಿ ಸೀಮೆಎಣ್ಣೆ ಒಳಗೆ ಏನೋ ಬೆಣ್ಣೆ ತರದ್ದು ಇತ್ತಲ್ಲ ಸಾ, ಅದ್ನೂ ಒಂದ್ ಸಲ ನೀರಲ್ಲಿ ತೊಳ್ದು ಬೇರೆ ಎಣ್ಣೆ ಹಾಕವ ಅಂದ್ಕಂಡೆ. ಮುಚ್ಚಳ ಬರ್ಲಿಲ್ಲ" ಎಂದರು.

ಸೋಡಿಯಂ ನೀರಿಗೆ ಬಿದ್ದರೆ ಏನು ಮಾಡುತ್ತದೆ ಎಂದು ಪ್ರತಿವರ್ಷ ಹುರುಳಿಕಾಳಿನಷ್ಟು ಚೂರು ಹಾಕಿ ಮಕ್ಕಳಿಗೆ ತೋರಿಸುತ್ತೇನೆ, ಹಾಗೆ ತೋರಿಸುವಾಗಲೂ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಆ ಬಾಟಲಿಯಲ್ಲಿ ಇದ್ದದ್ದು ಅಂಥ ಇನ್ನೂರು ಕಾಳಿನಷ್ಟು. ಆ ಮುಚ್ಚಳಕ್ಕೆ ನಾನು ಇಂದಿಗೂ ಋಣಿ.

ಮುಖ್ಯೋಪಾಧ್ಯಾಯರು ಕನಕಪುರದ ಕಡೆಯವರು. ಕೆಟ್ಟ ಮನುಷ್ಯರಲ್ಲ, ಹೆದರುವ ಮನುಷ್ಯರು. ಸಂಗತಿ ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ದಾಸ್ತಾನು ಪರಿಶೀಲನೆಗೆ ರಾಮನಗರದ ಕಚೇರಿಯಿಂದ ಅಧಿಕಾರಿ ಬರುವುದಕ್ಕೆ ಹನ್ನೊಂದು ದಿನ ಉಳಿದಿತ್ತು.

"ಮೇಷ್ಟ್ರೇ, ಪುಸ್ತಕದಲ್ಲಿ ಹದಿನಾಲ್ಕು ಐತೆ, ಬೀರುನಲ್ಲೂ ಹದಿನಾಲ್ಕು ಐತೆ. ಹದಿನಾಲ್ಕು ಚೀಟಿ ಬರ್ದು ಅಂಟ್ಸಿ ಅತ್ಲಾಗೆ. ಬರೋರೇನು ನಾಲಗೆ ಮೇಲೆ ಇಟ್ಕೊಂಡು ನೋಡ್ತಾರಾ?"

"ಇಟ್ಟುಕೊಂಡರೆ ಸೋಡಿಯಂ ತನ್ನ ಪರಿಚಯ ತಾನೇ ಮಾಡ್ಕೊಳ್ಳುತ್ತೆ ಸಾರ್."

ಅವರು ನಗಲಿಲ್ಲ. "ತಮಾಷೆ ಸಾಕು. ಒಂದು ಬಾಟ್ಲಿ ತಾಳೆ ಆಗ್ಲಿಲ್ಲ ಅಂದ್ರೆ ಅದನ್ನ ನಾನು ಆಯಮ್ಮನ ಪ್ರೊಬೇಷನ್ ವರದೀಲಿ ಬರೀಬೇಕಾಯ್ತದೆ. ಬರೀಲಿಲ್ಲ ಅಂದ್ರೆ ನನ್ ತಲೆಗೆ ಬತ್ತದೆ. ನಂಗೇನು ಅದು ಖುಷಿಯಾ? ಇಬ್ರು ಹೆಣ್ಮಕ್ಕಳು ಓದ್ತಾವ್ರೆ ಆಯಮ್ಮನ ಮನೇಲಿ."

ಅಂದಾಜಿನ ಚೀಟಿ ಅಂಟಿಸಲು ನಾನು ಒಪ್ಪಲಿಲ್ಲ. ಅದಕ್ಕೆ ಘನವಾದ ಕಾರಣವನ್ನೇ ಕೊಟ್ಟೆ: ನೋಡಿ ಹೇಳಬೇಡ, ಪರೀಕ್ಷೆ ಮಾಡಿ ಹೇಳು ಎಂದು ಇಷ್ಟು ವರ್ಷ ಮಕ್ಕಳಿಗೆ ಬೋಧಿಸಿದವನು ಇಳಿವಯಸ್ಸಿನಲ್ಲಿ ವ್ರತಭಂಗ ಮಾಡಲಾರೆ, ಇತ್ಯಾದಿ. ಘನವಲ್ಲದ ಕಾರಣವೂ ಇತ್ತು. ತಪ್ಪು ಹೆಸರಿನ ಬಾಟಲಿ ಮುಂದೊಂದು ದಿನ ಯಾವುದೋ ಮಗುವಿನ ಕೈಯಲ್ಲಿ ತೆರೆಯುತ್ತದೆ. ಆಗ ನಾನು ನಿವೃತ್ತನಾಗಿ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತೇನೆ.

"ಹನ್ನೊಂದು ದಿನ ಕೊಡಿ ಸಾರ್" ಎಂದೆ.

ಹತ್ತನೇ ತರಗತಿಗೆ ಹೇಗಿದ್ದರೂ ಲೋಹ ಅಲೋಹಗಳ ಪಾಠ ಬಾಕಿ ಇತ್ತು. ಪಾಠವನ್ನೂ ಪ್ರಾಯಶ್ಚಿತ್ತವನ್ನೂ ಒಟ್ಟಿಗೆ ಮುಗಿಸುವುದೆಂದು ನಿಶ್ಚಯಿಸಿದೆ. ಬಾಟಲಿಗಳಿಗೆ ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಹಚ್ಚಿದೆ. ದೊಡ್ಡ ಹಾಳೆಯಲ್ಲಿ ಮನೆ ಎಳೆದು, ಮೇಲೆ ಪರೀಕ್ಷೆಗಳ ಹೆಸರು ಬರೆದೆ: ಹೊಳಪು, ಸುತ್ತಿಗೆ ಪೆಟ್ಟು, ಬಾಗುವಿಕೆ, ನಾದ, ವಿದ್ಯುತ್ತು, ತೂಕ. ನೋಡಿದ ಕೂಡಲೇ ಗುರುತು ಸಿಕ್ಕುವ ಧಾತುವಾದರೂ ಎಲ್ಲ ಮನೆ ತುಂಬುವವರೆಗೆ ಹೆಸರಿಲ್ಲ ಎಂಬುದು ನಿಯಮ. ವಿದ್ಯುತ್ತಿಗೆ ಎರಡು ಸೆಲ್ಲು, ಒಂದು ಟಾರ್ಚಿನ ಬಲ್ಬು, ಎರಡು ತುಂಡು ವೈರು. ಸುತ್ತಿಗೆ ಹಿಡಿಯುವ ಕೆಲಸ ಅಟೆಂಡರಿಗೆ. ಮಕ್ಕಳ ಕೈಗೆ ಸುತ್ತಿಗೆ ಕೊಡಲು ನನಗೆ ಧೈರ್ಯವಿರಲಿಲ್ಲ, ನನ್ನ ಕೈಗೆ ಕೊಡಲು ಆಕೆಗೆ ಧೈರ್ಯವಿರಲಿಲ್ಲ.

ಬಡಿಯುವುದಕ್ಕೆ ಅಡಿಗಲ್ಲು ಬೇಕಲ್ಲ. ನಮ್ಮ ಶಾಲೆಯ ಗಂಟೆ ಎಂದರೆ ಜಗಲಿಯಲ್ಲಿ ತೂಗುಹಾಕಿದ ಒಂದು ಮೊಳ ರೈಲು ಕಂಬಿ. ಅದನ್ನೇ ಇಳಿಸಿ ಮೇಜಿನ ಮೇಲೆ ಅಡ್ಡ ಮಲಗಿಸಿದೆವು. ಮೊದಲ ಬಾಟಲಿಯಲ್ಲಿ ಹಳದಿ ಗಡ್ಡೆ. ಬಟ್ಟೆಯಲ್ಲಿ ಸುತ್ತಿ ಆಕೆ ಒಂದು ಪೆಟ್ಟು ಹಾಕಿದರು. ಗಡ್ಡೆ ಪುಡಿಯಾಯಿತು, ಕಂಬಿ ಢಣ್ ಎಂದಿತು, ಎಂಟನೇ ತರಗತಿ ತಟ್ಟೆ ಹಿಡಿದು ಊಟಕ್ಕೆ ಹೊರಟಿತು. ಇನ್ನೂ ಹನ್ನೊಂದು ಗಂಟೆ. ಮುಖ್ಯೋಪಾಧ್ಯಾಯರು ಹೊರಗೆ ಬಂದು ಎಲ್ಲರನ್ನೂ ಒಳಗೆ ಅಟ್ಟಿ, ನಮ್ಮ ಕೋಣೆಗೆ ಇಣುಕಿ, "ಏನ್ರೀ ಇದು?" ಎಂದರು.

"ಗಂಧಕ ಸಾರ್. ನೂರಕ್ಕೆ ನೂರು ಅಲೋಹ."

ಮಾರನೆಯ ದಿನದಿಂದ ಕಂಬಿಯ ಕೆಳಗೆ ಎರಡು ಗೋಣಿಚೀಲ ಬಂತು.

ಮೊದಮೊದಲು ಕೆಲಸ ಸರಾಗವಾಗಿ ನಡೆಯಿತು. ಕೆಂಪನೆಯ ಸುರುಳಿ ಚೂರು: ಬಡಿದರೆ ತಗಡಾಯಿತು, ಬಲ್ಬು ಹೊತ್ತಿತು, ತಾಮ್ರ. ಕಪ್ಪು ಪುಡಿಯೊಂದು ಅಯಸ್ಕಾಂತಕ್ಕೆ ಜೇನುಹುಳುವಿನ ಹಾಗೆ ಮುತ್ತಿಕೊಂಡಿತು, ಕಬ್ಬಿಣ. ಇನ್ನೊಂದು ಕಪ್ಪು ಪುಡಿ ಅಯಸ್ಕಾಂತವನ್ನು ತಿರುಗಿಯೂ ನೋಡಲಿಲ್ಲ, ಬಲ್ಬನ್ನೂ ಹೊತ್ತಿಸಲಿಲ್ಲ, ಇದ್ದಿಲು. ಬೂದು ಪಟ್ಟಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ಕಣ್ಣು ಕೋರೈಸುವ ಬೆಳಕು, ಮೆಗ್ನೀಸಿಯಂ. ಸೀಮೆಎಣ್ಣೆಯ ಬಾಟಲಿಯನ್ನು ನಾನೇ ತೆರೆದೆ. ಅರ್ಧ ಗಂಟೆ ಹಿಡಿಯಿತು. ಚಾಕುವಿನಲ್ಲಿ ಬೆಣ್ಣೆಯ ಹಾಗೆ ಕುಯ್ದು, ಒಳಗಿನ ಬೆಳ್ಳಿಯಂಥ ಹೊಳಪು ಎಲ್ಲರೂ ನೋಡುವಷ್ಟರಲ್ಲಿ ಮಂಕಾದದ್ದನ್ನು ತೋರಿಸಿ, ಕಾಳಿನಷ್ಟನ್ನು ದೊಡ್ಡ ಬೋಗುಣಿಯ ನೀರಿಗೆ ಹಾಕಿದೆ. ಅದು ಬುಸುಗುಟ್ಟುತ್ತ ನೀರಿನ ಮೇಲೆ ಓಡಾಡಿ, ಕೊನೆಗೆ ಹಳದಿ ಬೆಂಕಿಯಾಗಿ ಪಟ್ ಎಂದಿತು. ನಮ್ಮ ಅಟೆಂಡರ್ ಗೋಡೆಗೆ ಅಂಟಿಕೊಂಡು ನಿಂತಿದ್ದರು. "ಆ ಬಾಟ್ಲಿಗೆ ಎರಡು ಸಲ ಮಂಗಳಾರತಿ ಎತ್ತಿದ್ದೆ ಸಾ" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ.

ಆಮೇಲೆ ತೊಡಕು ಶುರುವಾಯಿತು. ಆರನೇ ಬಾಟಲಿಯ ಕಪ್ಪು ಕಡ್ಡಿ ಬಡಿದರೆ ಚೂರಾಯಿತು, ಕೈಗೆ ಮಸಿ ಮೆತ್ತಿತು, ಅಲೋಹದ ಲಕ್ಷಣವೆಲ್ಲ ಇತ್ತು. ಆದರೆ ವೈರು ಮುಟ್ಟಿಸಿದರೆ ಬಲ್ಬು ಝಗ್ ಎಂದು ಹೊತ್ತಿತು. ಎಂಟನೆಯದರಲ್ಲಿ ಮಿರುಗುವ ಹಳುಕು, ನೋಡಿದರೆ ಲೋಹವೇ; ಕಾಯಿಸಿದರೆ ಕರಗುವ ಗೋಜಿಗೆ ಹೋಗದೆ ನೇರಳೆ ಹೊಗೆಯಾಯಿತು, ಬಲ್ಬೂ ಹೊತ್ತಲಿಲ್ಲ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: "ಸಾರ್, ಲೋಹ ಹೊಳೀತದೆ, ಅಲೋಹ ಹೊಳಿಯಾಕಿಲ್ಲ ಅಂತ ಬರ್ಸಿದ್ರಲ್ಲ. ಪರೀಕ್ಷೇಲಿ ಯಾವ್ದು ಬರೀಬೇಕು?"

"ಪರೀಕ್ಷೆಯಲ್ಲಿ ನಾನು ಬರೆಸಿದ್ದು ಬರಿ. ಆದರೆ ಒಂದೇ ಗುಣ ನೋಡಿ ಯಾರನ್ನೂ ಯಾವ ಪಂಗಡಕ್ಕೂ ತಳ್ಳಬೇಡ. ಎಲ್ಲ ಮನೆ ತುಂಬಿದ ಮೇಲೆ ಹೇಳು" ಎಂದೆ. ಆರನೆಯದು ಗ್ರಾಫೈಟ್, ಇದ್ದಿಲಿನ ಹಾಗೆ ಇಂಗಾಲದ್ದೇ ಇನ್ನೊಂದು ರೂಪ; ಎಂಟನೆಯದು ಅಯೋಡಿನ್. ಒಂದು ವಿದ್ಯುತ್ತು ಹರಿಸುವ ಅಲೋಹ, ಇನ್ನೊಂದು ಹೊಳೆಯುವ ಅಲೋಹ.

ಎರಡು ದಿನ ತಿಂದದ್ದು ಲೋಹಾಭಗಳು. ಇತ್ತ ಲೋಹವೂ ಅಲ್ಲದ ಅತ್ತ ಅಲೋಹವೂ ಅಲ್ಲದ ಈ ಪಂಗಡದವು ನಮ್ಮ ಪುಸ್ತಕದಲ್ಲಿ ಎರಡು: ಸಿಲಿಕಾನ್, ಆಂಟಿಮನಿ. ಬೀರುವಿನಲ್ಲೂ ಹೊಳೆಯುವ ಬೂದು ಗಡ್ಡೆಗಳ ಬಾಟಲಿ ಎರಡು. ಎರಡೂ ಸುತ್ತಿಗೆಗೆ ಗಾಜಿನ ಹಾಗೆ ಒಡೆದವು. ಒಂದು ಬಲ್ಬನ್ನು ಹೊತ್ತಿಸಿತು, ಇನ್ನೊಂದು ಹೊತ್ತಿಸಲಿಲ್ಲ. ಹೊತ್ತಿಸದೆ ಇರುವುದು ಸಿಲಿಕಾನ್ ಎಂದು ಬರೆಯಬಹುದಿತ್ತು. ಆದರೆ ಬರೀ ಕೊಳೆ ಮೆತ್ತಿಕೊಂಡರೂ ಬಲ್ಬು ಹೊತ್ತುವುದಿಲ್ಲ. ಹಾಗಾಗಿ ಕುದೂರಿಗೆ ಹೋಗಿ, ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿಯವನ ಹತ್ತಿರ ವಿದ್ಯುತ್ತಿನ ಅಡ್ಡಿ ಅಳೆಯುವ ಮಲ್ಟಿಮೀಟರ್ ಕೇಳಿದೆ.

"ಯಾಕ್ ಮೇಷ್ಟ್ರೇ, ಸ್ಕೂಲ್ ಮೋಟ್ರು ಸುಟ್ಟೋಯ್ತಾ?"

"ಇಲ್ಲಪ್ಪ. ಸಿಲಿಕಾನ್ ಇರಬಹುದು ಅಂತ ಒಂದು ಅನುಮಾನ."

"ಅದ್ಯಾವ್ ಕಂಪ್ನಿ ಮೋಟ್ರು? ಕೈಗ್ ಬಂದಿಲ್ವಲ್ಲ" ಎನ್ನುತ್ತಲೇ ಕೊಟ್ಟ. "ಒಸಿ ಹುಷಾರು, ಅದ್ರ ಮುಳ್ಳು ಮೈಗಳ್ಳ, ಒಂದು ತಟ್ಟು ತಟ್ಟಿ."

ಬಿಸಿಯೂಟದ ಅಡುಗೆಮನೆಯ ಒಲೆಯ ಮೇಲೆ ಹೆಂಚಿನ ಚೂರಿಟ್ಟು, ಅದರ ಮೇಲೆ ಗಡ್ಡೆಯನ್ನಿಟ್ಟು ಕಾಯಿಸಿದೆ. ಲೋಹ ಕಾದಷ್ಟೂ ವಿದ್ಯುತ್ತಿಗೆ ಅಡ್ಡಿ ಮಾಡುತ್ತದೆ. ಈ ಗಡ್ಡೆ ತದ್ವಿರುದ್ಧ: ಕಾದಷ್ಟೂ ದಾರಿ ಬಿಟ್ಟಿತು, ಮುಳ್ಳು ತಟ್ಟಿಸಿಕೊಳ್ಳದೆಯೇ ಸರಿಯಿತು. ಅಡುಗೆಯವರು ಸಾಂಬಾರಿಗೆ ಒಲೆ ಬೇಕೆಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಸಿಲಿಕಾನ್ ಸಿದ್ಧವಾಯಿತು ಎಂದೆ. ಉಪ್ಪು ಸರಿಯಾಗೈತಾ ನೋಡಿ ಎಂದರು. ಅಷ್ಟೇ ಗಾತ್ರದ ಇನ್ನೊಂದು ಗಡ್ಡೆಯನ್ನು ಇದರ ಜೊತೆ ಅಂಗೈಯಲ್ಲಿ ತೂಗಿದರೆ ಸುಮಾರು ಮೂರು ಪಟ್ಟು ಭಾರ. ಅದು ಆಂಟಿಮನಿ.

ಏಳನೆಯ ದಿನದ ಹೊತ್ತಿಗೆ ಬೂದುಬಣ್ಣದ ನಾಲ್ಕು ಬಾಟಲಿ ಉಳಿದವು. ಪುಸ್ತಕದಲ್ಲಿ ಅಲ್ಯೂಮಿನಿಯಂ, ಸತು, ಸೀಸ, ತವರ ಉಳಿದವು. ನಾಲ್ಕೂ ಲೋಹಗಳೇ, ನಾಲ್ಕಕ್ಕೂ ಬಲ್ಬು ಹೊತ್ತಿತು. ಕೈಗೆ ಹಗುರವಾದದ್ದು ಅಲ್ಯೂಮಿನಿಯಂ. ಸಾರರಿಕ್ತ ಆಮ್ಲದಲ್ಲಿ ಬುರಬುರನೆ ಗುಳ್ಳೆಬಿಟ್ಟ ಹರಳುಗಳು ಸತು. ಕಂಬಿಯ ಮೇಲೆ ಬಿದ್ದರೆ ಒದ್ದೆ ಬಟ್ಟೆ ಬಿದ್ದಂತೆ ಸದ್ದುಮಾಡುವ, ಕಾಗದದ ಮೇಲೆ ಪೆನ್ಸಿಲಿನಂತೆ ಗೆರೆ ಎಳೆಯುವ ಭಾರದ್ದು ಸೀಸ. ಉಳಿದದ್ದು ಹದಿನಾಲ್ಕನೇ ಬಾಟಲಿ. ಬೆರಳುದ್ದದ ಬಿಳಿ ಕಡ್ಡಿಗಳು. ಮೆತ್ತಗೆ ಬಾಗಿದವು, ಚಮಚದಲ್ಲಿಟ್ಟು ಕಾಯಿಸಿದರೆ ಬೇಗ ಕರಗಿದವು, ಕಾಗದದ ಮೇಲೆ ತೆಳುವಾಗಿ ಗೆರೆ ಎಳೆದವು. ಉಳಿದ ಬಾಟಲಿ ಒಂದು, ಉಳಿದ ಹೆಸರು ಒಂದು. ವಿಜ್ಞಾನಕ್ಕೆ ಜಯವಾಗಲಿ ಎಂದುಕೊಂಡು ಬಣ್ಣದ ಕುಂಚ ಎತ್ತಿಕೊಂಡು 'ತ' ಬರೆದೆ.

"ಸಾ, ಒಸಿ ತಡೀರಿ" ಎಂದರು ನಮ್ಮ ಅಟೆಂಡರ್. ಏಳು ದಿನದಲ್ಲಿ ಆಕೆ ಪರೀಕ್ಷೆಯ ನಡುವೆ ಬಾಯಿ ಹಾಕಿದ್ದು ಅದೇ ಮೊದಲು. ಕಡ್ಡಿಯೊಂದನ್ನು ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಬಗ್ಗಿಸಿದರು. ಇನ್ನೊಂದನ್ನೂ ಬಗ್ಗಿಸಿದರು.

"ಇದು ತವರ ಅಲ್ಲ ಸಾ."

"ಹೇಗೆ ಹೇಳ್ತೀರಮ್ಮ?"

"ಅಳಾಕಿಲ್ಲ."

ತರಗತಿ ನಕ್ಕಿತು. ಆಕೆ ನಗಲಿಲ್ಲ. "ತವರನ ಬಗ್ಗಿಸಿದ್ರೆ ಅಳ್ತದೆ ಸಾ. ನಮ್ಮಪ್ಪ ಚನ್ನಪಟ್ಟಣದಲ್ಲಿ ಪಾತ್ರೆಗೆ ಕಲಾಯಿ ಹಾಕ್ತಿದ್ದ. ಗಾಳಿ ಊದೋ ತಿದಿ, ನವಸಾಗರ ಎಲ್ಲ ಸೈಕಲ್ಗೆ ಕಟ್ಕಂಡು ಬೈರಾಪಟ್ಟಣದ ಕಡೆ ಹಳ್ಳಿಮೇಲೆ ಹೋಗನು. ತವರದ ಕಡ್ಡಿ ತಕ್ಕಳ್ಳುವಾಗ ಒಂದೊಂದ್ನೂ ಹಿಂಗೇ ಕಿವಿ ತಾವ ಬಗ್ಗಿಸಿ, ಅತ್ರೇನೇ ತಕ್ಕಳನು. ಸೀಸ ಬೆರ್ಸಿದ್ರೆ ಮೂಗಿ ಆಗೋಯ್ತದೆ, ಅಳಾಕಿಲ್ಲ. ಹಂಗಿರದ್ನ ಅಂಗಡಿಯೋನ ಮುಂದ್ಲೇ ಬಿಸಾಕ್ಬುಡನು. ಮಕ್ಕಳು ಉಣ್ಣ ತಟ್ಟೆಗೆ ಸೀಸ ಸವರೀಯೇನ್ಲಾ ಅಂತ ಜಗಳಕ್ಕೇ ನಿಲ್ಲನು."

ಮಾರನೆಯ ದಿನ ಆಕೆ ಮನೆಯಿಂದ ಒಂದು ಬಟ್ಟೆಯ ಗಂಟು ತಂದರು. ಒಳಗೆ ಗೇಣುದ್ದದ ಒಂದು ತವರದ ಕಡ್ಡಿ, ಅದರ ಹಣೆಗೂ ಕುಂಕುಮ. ತಂದೆ ಬಿಟ್ಟುಹೋದ ಸಾಮಾನಿನಲ್ಲಿ ಉಳಿದದ್ದು ಅದೊಂದೇ. ಆಯುಧಪೂಜೆಗೆ ಮನೆಯಲ್ಲಿ ಇಡುವುದಕ್ಕೆ ಬೇರೆ ಆಯುಧ ಇಲ್ಲವೆಂದು ಇಟ್ಟುಕೊಂಡಿದ್ದರಂತೆ. ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಒಳಗೆಲ್ಲೋ ಉಪ್ಪಿನ ಹರಳು ಕೆಂಡಕ್ಕೆ ಬಿದ್ದಂತೆ ಸಣ್ಣಗೆ ಚಿಟಚಿಟ ಎಂದಿತು. ಬಾಗುವಾಗ ತವರ ಹೀಗೆ ಕೂಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಗೆ ಬರಲಿಲ್ಲವೆಂದು ಮರೆತಿದ್ದೆ. ಕಿವಿಯಾರೆ ಕೇಳಿದ್ದು ಅಂದೇ. ಮಕ್ಕಳೆಲ್ಲ ಸಾಲಾಗಿ ಬಂದು ಕಿವಿಗೊಟ್ಟರು.

ಆಮೇಲೆ ಎರಡನ್ನೂ ತೂಗಿ, ಅಳತೆ ಜಾಡಿಯ ನೀರಿನಲ್ಲಿ ಮುಳುಗಿಸಿ ನೋಡಿದೆ. ಅಷ್ಟೇ ಗಾತ್ರಕ್ಕೆ ಹದಿನಾಲ್ಕನೆಯದು ಹೆಚ್ಚು ಭಾರ. ಆಕೆಯ ಕಡ್ಡಿ ಕಾಗದದ ಮೇಲೆ ಗೆರೆ ಎಳೆಯಲಿಲ್ಲ, ಹದಿನಾಲ್ಕನೆಯದು ಎಳೆಯಿತು. ಅನುಮಾನಕ್ಕೆ ಎಡೆಯಿರಲಿಲ್ಲ. ಅದು ತವರಕ್ಕೆ ಸೀಸ ಬೆರೆಸಿದ, ಬೆಸುಗೆ ಹಾಕುವ ಮಿಶ್ರಣ. ಲೋಹವೇ, ಆದರೆ ಧಾತುವೇ ಅಲ್ಲ.

ಹೋಗಿ ಮುಖ್ಯೋಪಾಧ್ಯಾಯರಿಗೆ ಹೇಳಿದೆ. "ಪುಸ್ತಕದಲ್ಲಿ ತವರ ಐತೆ. ಬಾಟ್ಲೀಲಿ ತವರ ಇಲ್ಲ. ಅಲ್ಲಿಗೆ, ತವರ ಎಲ್ಲೋಯ್ತು ಅಂತ ಕೇಳ್ತಾರೆ. ರಜೇಲಿ ಬೀಗ ತೆಗ್ದಿದ್ದು ಯಾರು? ಬಾಟ್ಲಿ ಮುಟ್ಟಿದ್ದು ಯಾರು? ಕಲಾಯಿಯವರ ಮನೆ ಮಗಳು ಬೇರೆ. ಹೇಳಿ ಮೇಷ್ಟ್ರೇ, ನಾನೇನ್ ಬರೀಲಿ?"

ಆಕೆ ಬಾಗಿಲ ಪಕ್ಕದಲ್ಲೇ ಇದ್ದರು. ಒಳಗೆ ಬಂದು ಹೇಳಿದರು: "ಅನುಮಾನ ನನ್ ಮ್ಯಾಲೇ ಬತ್ತದೆ ಅಂತ ನಂಗೂ ಗೊತ್ತಾಯ್ತು ಸಾ. ನೀವು ತವರ ಅಂತ್ಲೇ ಬರ್ಕಳಿ, ನಾನೇನೂ ಅನ್ನಾಕಿಲ್ಲ. ಬಂದೋರು ಕೇಳಿದ್ರೆ ಸುಮ್ಕಿರ್ತೀನಿ. ಆದ್ರೆ ನೀವೇ ಕೇಳಿದ್ರೆ, ಅದು ತವರ ಅಲ್ಲ."

ದಾಸ್ತಾನು ಪುಸ್ತಕ ತೆಗೆಸಿದೆ. ಹಳೆಯ ಪುಟದಲ್ಲಿ ನಮೂದು ಇತ್ತು: ತವರದ ಕಡ್ಡಿ, ನೂರು ಗ್ರಾಂ. ಪಕ್ಕದಲ್ಲಿ, 'ಪರಿಶೀಲಿಸಲಾಗಿದೆ, ಸರಿಯಾಗಿದೆ.' ಕೆಳಗೆ ಒಂದು ಸಹಿ, ಈಗಿನದಕ್ಕಿಂತ ದುಂಡಗೆ, ಈಗಿನದಕ್ಕಿಂತ ಆತ್ಮವಿಶ್ವಾಸದಿಂದ. ನನ್ನದು. ಸರಬರಾಜಿನವನು ಪೆಟ್ಟಿಗೆ ಇಳಿಸಿದ ದಿನ ನಾನು ಏನನ್ನು ಪರಿಶೀಲಿಸಿದೆ ಎಂದು ಜ್ಞಾಪಿಸಿಕೊಳ್ಳಲು ಯತ್ನಿಸಿದೆ. ಚೀಟಿಯನ್ನು ಪರಿಶೀಲಿಸಿದ್ದೆ. ಅದರಲ್ಲಿ ತವರ ಎಂದು ಬರೆದಿತ್ತು.

ಭಾನುವಾರ ಬೆಳಿಗ್ಗೆ ಮನೆಯ ಅಟ್ಟದಿಂದ ಹಳೆಯ ಪಾಠ ಟಿಪ್ಪಣಿಗಳ ಕಟ್ಟು ಇಳಿಸಿಕೊಂಡು ಕುಳಿತೆ. ಇನ್ಸ್‌ಪೆಕ್ಷನ್ನಿಗೆ ಬೇಕಾಗುತ್ತದೆಂದು ಪ್ರತಿವರ್ಷ ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಇಟ್ಟದ್ದು. ಬಾಟಲಿ ಬಂದ ಮೊದಲನೆಯ ವರ್ಷದ ಪುಸ್ತಕದಲ್ಲಿಯೇ ಇತ್ತು: 'ತವರ: ಮೃದು ಲೋಹ. ಕಾಗದದ ಮೇಲೆ ಉಜ್ಜಿದರೆ ಬೂದು ಗೆರೆ ಬೀಳುತ್ತದೆ. ಮಾಡಿ ತೋರಿಸುವುದು.' ಮಾರನೆಯ ವರ್ಷವೂ ಅದೇ. ಅದರ ಮಾರನೆಯ ವರ್ಷವೂ. ಶುದ್ಧ ತವರ ಹಾಗೆ ಗೆರೆ ಎಳೆಯುವುದಿಲ್ಲ. ಅಂದರೆ ಬಾಟಲಿ ಬಂದ ವರ್ಷದಿಂದಲೇ ಅದರಲ್ಲಿ ಸೀಸ ಇತ್ತು. ನಾನು ತಲೆಮಾರುಗಟ್ಟಲೆ ಮಕ್ಕಳಿಗೆ ಸೀಸದ ಗುಣವನ್ನು ತವರದ ಹೆಸರಿನಲ್ಲಿ ಮಾಡಿ ತೋರಿಸಿದ್ದೆ. ಅಟೆಂಡರ್ ತೊಳೆದದ್ದು ಚೀಟಿಯನ್ನು ಮಾತ್ರ ಎಂಬುದಕ್ಕೆ ಲೋಕದಲ್ಲಿ ಇದ್ದ ಏಕೈಕ ಪುರಾವೆ ನನ್ನ ದಡ್ಡತನ, ಅದೂ ಸಹಿಮೊಹರಿನ ಸಮೇತ.

ಎಂಟು ದಿನದ ಹಿಂದೆ ವ್ರತಭಂಗದ ಬಗ್ಗೆ ದೊಡ್ಡ ಭಾಷಣ ಮಾಡಿದ್ದು ಸುಲಭವಿತ್ತು. ಆಗ ಕೆಲಸ ಹೋಗುವುದಿದ್ದರೆ ಬೇರೆಯವರದು. ಈಗ ಆ ಪುಸ್ತಕಗಳನ್ನು ಅಟ್ಟಕ್ಕೆ ವಾಪಸ್ಸು ಏರಿಸಿ, ಅರ್ಧ ಬರೆದ 'ತ'ಕ್ಕೆ ಇನ್ನೆರಡು ಅಕ್ಷರ ಸೇರಿಸಿದರೆ ಎಲ್ಲರೂ ಕ್ಷೇಮ ಎಂಬ ಯೋಚನೆ ನನಗೂ ಬಂತು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಅದು ನನ್ನ ಜೊತೆ ಕುಳಿತಿತ್ತು. ಸಾಧುವಾದ ಯೋಚನೆಯೇ. ಆದರೆ ಆ ನೂರು ಗ್ರಾಂ ಬೀರುವಿನಲ್ಲಿ ಇದ್ದಷ್ಟು ದಿನವೂ, ಮುಂದೆ ಯಾರಾದರೂ ಅದನ್ನು ಪರೀಕ್ಷಿಸಿದ ದಿನ, ಬೆರಳು ಹೋಗುವುದು ಕಲಾಯಿಯವರ ಮಗಳ ಕಡೆಗೇ. ಅಂಗಡಿಯವನ ಮುಂದೆ ಕಡ್ಡಿ ಬಿಸಾಡಿದ ಆ ಮನುಷ್ಯನನ್ನು ನಾನು ಕಂಡಿರಲಿಲ್ಲ. ಕಂಡಿದ್ದರೆ ಏನನ್ನುತ್ತಿದ್ದ ಎಂದು ಗೊತ್ತಿತ್ತು. ಕಾಗದ ತೆಗೆದುಕೊಂಡು ಹೇಳಿಕೆ ಬರೆದೆ. ತುಂಬ ಬರೆಯಲಿಲ್ಲ: ಸ್ವೀಕರಿಸಿದ ದಿನ ನಾನು ಪರೀಕ್ಷೆ ಮಾಡದೆ ಸಹಿ ಹಾಕಿದ್ದೇನೆ, ಬಾಟಲಿಯಲ್ಲಿ ತವರ ಎಂದೂ ಇರಲಿಲ್ಲ, ಪುರಾವೆಗೆ ನನ್ನ ಪಾಠ ಟಿಪ್ಪಣಿ ಲಗತ್ತಿಸಿದೆ, ಇದನ್ನು ಪತ್ತೆ ಮಾಡಿದವರು ಶಾಲೆಯ ಅಟೆಂಡರ್.

ಸೋಮವಾರ ಮುಖ್ಯೋಪಾಧ್ಯಾಯರು ಅದನ್ನು ಎರಡು ಸಲ ಓದಿದರು. "ರಿಟೈರ್ಮೆಂಟಿಗೆ ಎರಡು ವರ್ಷ ಐತಲ್ರೀ ನಿಮಗೆ" ಎಂದರು.

"ಐತೆ ಸಾರ್."

"ಹ್ಞೂಂ" ಎಂದು ಪೆನ್ನು ತೆಗೆದು ಕೆಳಗೆ 'ಪರಿಶೀಲಿಸಿದೆ' ಎಂದು ಬರೆಯಹೋದವರು ತಡೆದು, "ಎಲ್ಲಿ, ಆ ಕಡ್ಡಿ ತರ್ಸಿ" ಎಂದರು. ಎರಡನ್ನೂ ಕಿವಿಯ ಹತ್ತಿರ ಬಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಬರೆದರು.

ಬುಧವಾರ ರಾಮನಗರದಿಂದ ಬಂದ ಅಧಿಕಾರಿ ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದ ಹೆಣ್ಣುಮಗಳು. ಬಾಟಲಿಗಳಿಗೆ ಎನಾಮೆಲ್ ಬಣ್ಣದಲ್ಲಿ ಹೆಸರು ಬರೆದಿತ್ತು; ಪಕ್ಕದಲ್ಲಿ ಪರೀಕ್ಷೆಗಳ ಹಾಳೆ ಹರಡಿತ್ತು. ಅವರು ಒಂದೊಂದನ್ನೇ ತೂಗಿಸಿ, ಪುಸ್ತಕಕ್ಕೆ ತಾಳೆ ನೋಡುತ್ತ ಬಂದು ಹದಿನಾಲ್ಕನೆಯದರ ಮುಂದೆ ನಿಂತರು. ನನ್ನ ಹೇಳಿಕೆ ಓದಿದರು. ಪಾಠ ಟಿಪ್ಪಣಿಯ ಮೂರು ವರ್ಷದ ಮೂರು ಪುಟ ತಿರುವಿದರು.

"ಸಾರ್, ಇದನ್ನ ನಾನು ಹಾಗೇ ವರದಿ ಮಾಡಬೇಕಾಗುತ್ತೆ. ನಿಮ್ಮ ಮೇಲೆ ಬರುತ್ತೆ."

"ಬರಲಿ ಅಂತಲೇ ಬರೆದದ್ದು ತಾಯಿ."

ಅವರು ಅಟೆಂಡರ್ ಕಡೆ ತಿರುಗಿದರು. "ಪರೀಕ್ಷೆಯ ಹಾಳೆಯಲ್ಲಿ ಅಳುತ್ತೆ ಅಂತ ಬರೆದಿದೆಯಲ್ಲಮ್ಮ, ಏನದು?"

ಆಕೆ ಗಂಟು ಬಿಚ್ಚಿ ತಂದೆಯ ಕಡ್ಡಿಯನ್ನು ಕೊಟ್ಟರು. "ಕಿವಿ ತಾವ ಹಿಡ್ಕಳಿ ಮೇಡಂ. ಬಿರ್ರನೆ ಬ್ಯಾಡ, ಮೆತ್ತಗೆ. ಜಾಸ್ತಿ ಸಲ ಬಗ್ಗಿಸಿದ್ರೆ ಮುರ್ದೋಯ್ತದೆ."

ಅಧಿಕಾರಿ ಮೆತ್ತಗೆ ಬಗ್ಗಿಸಿದರು. ಒಂದು ಸಲ ಕೇಳಿ, ಇನ್ನೊಂದು ಸಲ ಬಗ್ಗಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಆಮೇಲೆ ಪುಸ್ತಕದಲ್ಲಿ 'ತವರ' ಎಂಬುದನ್ನು ಹೊಡೆದು, 'ತವರ ಮತ್ತು ಸೀಸದ ಮಿಶ್ರಣ, ಮೊದಲಿಂದಲೂ' ಎಂದು ಬರೆದು ಸಹಿ ಹಾಕಿದರು.

ನನಗೆ ಕಾರಣ ಕೇಳುವ ನೋಟಿಸು ಬಂತು. ಉತ್ತರ ಕೊಟ್ಟೆ. ಎಚ್ಚರಿಕೆ ನೀಡಿ ಮುಕ್ತಾಯ ಮಾಡಲಾಗಿದೆ ಎಂದು ಒಂದು ಸಾಲಿನ ಆದೇಶ ಬಂತು. ಅದು ನನ್ನ ಸೇವಾ ಪುಸ್ತಕದಲ್ಲಿದೆ. ಆ ವರ್ಷದ ಹತ್ತನೇ ತರಗತಿಯವರಿಗೆ ತವರ ಗೆರೆ ಎಳೆಯುವುದಿಲ್ಲ ಎಂದು ಗೊತ್ತು. ಅದಕ್ಕೆ ಹಿಂದಿನವರಿಗೆ ಗೊತ್ತಿಲ್ಲ, ಕೆಲವರು ಬಿಡದಿಯ ಕಾರ್ಖಾನೆಗಳಲ್ಲಿದ್ದಾರೆ, ಅಲ್ಲಿ ಅದು ಯಾವ ಕೆಲಸಕ್ಕೂ ಅಡ್ಡಿಯಾಗಿಲ್ಲ ಎಂದು ಭಾವಿಸಿದ್ದೇನೆ. ಈ ವರ್ಷದ ಆಯುಧಪೂಜೆಗೆ ಬಾಟಲಿಗಳನ್ನು ಒಣಬಟ್ಟೆಯಲ್ಲಿ ಒರೆಸಲಾಯಿತು. ಸೋಡಿಯಂ ಬಾಟಲಿಗೆ ಮಂಗಳಾರತಿಯನ್ನು ದೂರದಿಂದ ಎತ್ತಲಾಯಿತು.

ಅಟೆಂಡರ್ ಅವರ ಪ್ರೊಬೇಷನ್ ಅವಧಿ ತೃಪ್ತಿಕರ ಎಂಬ ಆದೇಶ, ಪರಿಶೀಲನೆಯ ನಂತರ ಬಂದ ಸಂಕ್ರಾಂತಿಯ ಮಾರನೆಯ ದಿನವೇ ತಲುಪಿತ್ತು. ಆಕೆಯ ಕೆಲಸ ಕಾಯಂ ಆಗಿದೆ.